ತಿದ್ದಿದ ಗದ್ದ

ಮಗಳ ಗದ್ದ ಎಡಕ್ಕೆ ಸರಿಯುತ್ತಿರುವುದನ್ನು ಎಲ್ಲರಿಗಿಂತ ಮೊದಲು ಕಂಡವನು ಅಪ್ಪನೇ. ಫೋಟೋ ಸ್ಟುಡಿಯೋ ನಡೆಸುವವನ ಕಣ್ಣಿಗೆ ಮುಖದ ಸಣ್ಣ ಓರೆಯೂ ತಪ್ಪುವುದಿಲ್ಲ. ಆದರೂ ಕಂಡೂ ಕಾಣದವನಂತೆ ಇದ್ದುಬಿಟ್ಟಿದ್ದ.

ಅವಳು ಎರಡನೇ ಕ್ಲಾಸಿನಲ್ಲಿದ್ದಾಗಲೇ ಹಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಮೇಲಿನ ದವಡೆ ಕಿರಿದಾಗಿದೆ. ಕಚ್ಚುವಾಗ ಮಗು ಕೆಳದವಡೇನ ಪಕ್ಕಕ್ಕೆ ಜಾರಿಸುತ್ತೆ. ಈಗಲೇ ಅಂಗುಳಕ್ಕೆ ಪ್ಲೇಟ್ ಹಾಕಿ ಅಗಲ ಮಾಡಿದ್ರೆ ಒಳ್ಳೇದು. ಬಿಟ್ರೆ ಮೂಳೆ ಹಾಗೇ ಸೊಟ್ಟಗೆ ಬೆಳೆಯಬಹುದು."

"ಹಾಲುಹಲ್ಲು ತಾನೇ, ಬಿದ್ದು ಹುಟ್ಟಲಿ, ಆಮೇಲೆ ನೋಡೋಣ" ಎಂದು ಅವನು ಎದ್ದು ಬಂದಿದ್ದ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನ್ರೀ?" ಎಂದು ಹೆಂಡತಿ ವರ್ಷವಿಡೀ ಗೊಣಗಿದಳು.

"ನಿಮ್ಮಪ್ಪನ ಗದ್ದಾನೂ ಸೊಟ್ಟನೇ. ಅವರಿಗೆ ಹೆಣ್ಣು ಸಿಗಲಿಲ್ವಾ?" ಎಂದು ನಗೆಯಾಡಿ ಅವಳ ಬಾಯಿ ಮುಚ್ಚಿಸಿದ್ದ. ನಿಜ ಹೇಳಬೇಕೆಂದರೆ, ಡಾಕ್ಟರಮ್ಮನ ಕುರ್ಚಿಯಲ್ಲಿ ಅಂಗಾತ ಮಲಗಿದ ಮಗಳು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನೋಡಲಾರದೆ ಓಡಿಬಂದಿದ್ದ.

ಹತ್ತನೇ ಕ್ಲಾಸಿಗೆ ಗುರುತಿನ ಚೀಟಿಯ ಫೋಟೋ ಬೇಕಾಯಿತು. ಪ್ರತಿಸಲದಂತೆ "ಚೂರು ಬಲಕ್ಕೆ ತಿರುಗು" ಎನ್ನುವಂತಿರಲಿಲ್ಲ. ಮುಖ ನೇರವೇ ಇರಬೇಕು. ತೆಗೆದ. ಮಗಳು ಆಚೆ ಹೋದ ಮೇಲೆ ಕಂಪ್ಯೂಟರಿನಲ್ಲಿ ಗದ್ದವನ್ನು ಮೆಲ್ಲಗೆ ಎಳೆದು ನಡುವಿಗೆ ತಂದು ಪ್ರಿಂಟ್ ಹಾಕಿದ.

ಮಗಳು ಬಹಳ ಹೊತ್ತು ಅದನ್ನೇ ನೋಡಿದಳು. "ಯಾರಪ್ಪಾ ಇವಳು?"

"ನೀನೇ ಕಣೇ. ಬೆಳಕು ಸ್ವಲ್ಪ..."

"ಕ್ಲಾಸಲ್ಲಿ ನನ್ನನ್ನ ಸೊಟ್ಟಮೂತಿ ಅಂತಾರೆ. ಅವರಿಗಾದ್ರೆ ತಿರುಗಿ ಬೈತೀನಿ. ನಿನಗೇನನ್ನಲಿ?"

ಅವನು ಸ್ಟೂಲಿನ ಮೇಲೆ ಕುಸಿದು ಕೂತು, ಡಾಕ್ಟರಮ್ಮ ಅಂದದ್ದು, ಅವಳು ಅತ್ತದ್ದು, ತಾನು ಎದ್ದು ಬಂದದ್ದು ಎಲ್ಲವನ್ನೂ ಹೇಳಿದ. "ತಪ್ಪು ನಂದೇ, ಕಂದಾ. ನೀನು ಅಳೋದು ನೋಡಕ್ಕಾಗ್ಲಿಲ್ಲ."

"ನಾನು ಅತ್ತಿದ್ದು ನನಗೆ ನೆನಪೇ ಇಲ್ವಲ್ಲಪ್ಪಾ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮರುದಿನ ಮೂವರೂ ಅದೇ ಡಾಕ್ಟರಮ್ಮನ ಬಳಿ ಹೋದರು. ಅವರು ಎಕ್ಸ್‌ರೇ ನೋಡಿ, "ಇನ್ನು ಬರೀ ಪ್ಲೇಟಿಂದ ಆಗಲ್ಲ. ಬೆಳವಣಿಗೆ ನಿಂತ ಮೇಲೆ ಆಪರೇಷನ್ ಮಾಡಿ ದವಡೆ ನೇರ ಮಾಡಬಹುದು. ಅದಕ್ಕೆ ಮುಂಚೆ ಹಲ್ಲಿಗೆ ತಂತಿ ಹಾಕಬೇಕಾಗುತ್ತೆ" ಎಂದರು. ಹಳೆಯದನ್ನು ಕೆದಕಲಿಲ್ಲ. ಹೆಂಡತಿಯೂ ಚಕಾರವೆತ್ತಲಿಲ್ಲ. ಒಬ್ಬರಾದರೂ ಬೈದಿದ್ದರೆ ಎದೆ ಹಗುರಾಗುತ್ತಿತ್ತೇನೋ.

"ಮಾಡಿಸೋಣ, ಎಷ್ಟೇ ಕಷ್ಟ ಆಗ್ಲಿ" ಎಂದು ಅವನೇ ಅವಸರಪಟ್ಟ.

"ಬೇಕೋ ಬೇಡ್ವೋ ಆಗ ನಾನೇ ಹೇಳ್ತೀನಿ. ಈ ಸಲ ನನ್ನ ಕೇಳಪ್ಪಾ" ಎಂದಳು ಮಗಳು.

"ಆಗ್ಲಮ್ಮ" ಎಂದ. ಅವಳು ಬ್ಯಾಗು ಹೆಗಲಿಗೇರಿಸಿ ಅಮ್ಮನ ಜೊತೆ ಮೆಟ್ಟಿಲಿಳಿದಳು. ಅವನು ಹಿಂದೆ ಹಿಂದೆ ನಡೆದ.