ಬೆಂಗ್ರೆಯ ಲೆಕ್ಕ

೧೯೬೧ರಲ್ಲಿ ನಾನು ಮಂಗಳೂರಿನ ಸರಕಾರಿ ಆಸ್ಪತ್ರೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಪಘಾತವಾಗಿ ಬಂದವರ ಹೆಸರು, ಊರು, ಗಾಯ ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಯಾವ ಊರಿಗೆ ಆಂಬುಲೆನ್ಸ್ ಬೇಕು, ಎಲ್ಲಿಗೆ ಅನುದಾನ ಕೊಡಬೇಕು ಎಂದು ಮೇಲಿನವರು ತೀರ್ಮಾನಿಸುತ್ತಿದ್ದುದು ಆ ಪುಸ್ತಕ ನೋಡಿ. ಅವರಿಗೆ ರಕ್ತ ಕಾಣುತ್ತಿರಲಿಲ್ಲ, ಅಂಕಿ ಮಾತ್ರ ಕಾಣುತ್ತಿತ್ತು.

ಹೊಳೆಯಾಚೆಯ ಊರು ಬೆಂಗ್ರೆಯ ಮೊಯ್ದೀನಬ್ಬರಿಗೆ ಈಚೆ ದಡದ ಬಂದರಿನಲ್ಲಿ ಒಣಮೀನಿನ ಅಂಗಡಿಯಿತ್ತು. ಅವರ ತಮ್ಮ ಅಯ್ಯೂಬ್ ಕಾಲಿಗೆ ಆಳದ ಗಾಯವಾಗಿ, ಹೊಳೆ ದಾಟುವ ದೋಣಿಗೆ ಕಾದು ಕಾದು, ನಮ್ಮಲ್ಲಿಗೆ ಬಂದು ಅರ್ಧ ಗಂಟೆಯಲ್ಲಿ ಸತ್ತಿದ್ದ. ಗಾಯಾಳುಗಳಿಗೆಂದೇ ಒಂದು ಯಂತ್ರದ ದೋಣಿ ಕೊಡಿ ಎಂದು ಮೊಯ್ದೀನಬ್ಬರು ಸರಕಾರಕ್ಕೆ ಅರ್ಜಿ ಹಾಕಿದರು.

ಬಂದ ಉತ್ತರವನ್ನು ಅವರು ನನ್ನ ಮೇಜಿನ ಮೇಲಿಟ್ಟರು. ಮೂರು ವರ್ಷಗಳಲ್ಲಿ ಬೆಂಗ್ರೆಯ ಒಬ್ಬ ಗಾಯಾಳುವೂ ದಾಖಲಾಗಿಲ್ಲ, ಆದ್ದರಿಂದ ಅಗತ್ಯವಿಲ್ಲ ಎಂದಿತ್ತು.

"ಇದೆಂತ ಮಾರಾಯ್ರೆ? ನನ್ನ ತಮ್ಮ ಮತ್ತೆ ಎಲ್ಲಿಯವ?"

ನಾನು ಪುಟ ತೆರೆದು ತೋರಿಸಿದೆ. ಅಯ್ಯೂಬ್, ಒಣಮೀನಿನ ಅಂಗಡಿ, ಬಂದರು. ಬರೆಸಿದ್ದು ಅವರೇ. ಬೆಂಗ್ರೆಗೆ ಬರುವ ಕಾಗದಪತ್ರವೆಲ್ಲ ಅವರ ಅಂಗಡಿಗೇ ಬರುತ್ತಿದ್ದುದರಿಂದ ಊರಿಗೆ ಊರೇ ಎಲ್ಲ ಕಚೇರಿಗಳಲ್ಲೂ ಆ ವಿಳಾಸವನ್ನೇ ಕೊಡುತ್ತಿತ್ತು. ಮೂರು ವರ್ಷದಲ್ಲಿ ಮೂವತ್ತೊಂದು ಗಾಯಾಳುಗಳು ಆ ಒಂದೇ ಅಂಗಡಿಯವರು!

"ಸರಕಾರದ ಲೆಕ್ಕದಲ್ಲಿ ನಿಮ್ಮ ಅಂಗಡಿ ಭಾರೀ ಅಪಾಯದ ಜಾಗ," ಎಂದು ನಕ್ಕೆ. ಅವರು ನಗಲಿಲ್ಲ. ನನಗೆ ನಾಚಿಕೆಯಾಯಿತು.

"ತಿದ್ದಲಿಕ್ಕೆ ಆಗುದಿಲ್ವಾ?"

"ಬರೆದದ್ದನ್ನು ತಿದ್ದಿದ್ರೆ ನನ್ನ ಕೆಲಸ ಹೋಗ್ತದೆ. ಇನ್ನು ಮುಂದೆ ನಿಮ್ಮ ಊರವರು ಬಂದ್ರೆ ಬೆಂಗ್ರೆ ಅಂತ ಹೇಳ್ಲಿ, ಬರೀತೇನೆ. ಬೆಂಗ್ರೆಯ ಲೆಕ್ಕ ಸ್ವಲ್ಪ ಆದ ಮೇಲೆ ಮತ್ತೊಂದು ಅರ್ಜಿ ಹಾಕಿ."

ಅವರು ಅದನ್ನೇ ಬೆಂಗ್ರೆಯ ಮನೆಮನೆಗೆ ಹೋಗಿ ಹೇಳಿದರಂತೆ.

ಎರಡು ತಿಂಗಳ ಮೇಲೆ, ಒಂದು ಬೆಳಿಗ್ಗೆ, ನಾಲ್ವರು ಮೊಯ್ದೀನಬ್ಬರ ಮಗ ರವೂಫನನ್ನು ಹೊತ್ತು ತಂದರು. ದಡಕ್ಕೆ ಎಳೆಯುತ್ತಿದ್ದ ದೋಣಿ ಎದೆಯ ಮೇಲೆ ಮಗುಚಿತ್ತು. ಹೊಳೆ ದಾಟಲು ಮುಕ್ಕಾಲು ಗಂಟೆ ಕಾದಿದ್ದರು. ಡಾಕ್ಟರು ನಾಡಿ ಹಿಡಿದು ನೋಡಿ ಕೈ ಬಿಟ್ಟರು.

ಪುಸ್ತಕ ತೆರೆದೆ. ಮೊಯ್ದೀನಬ್ಬರೇ ಮೇಜಿನ ಹತ್ತಿರ ಬಂದು ನಿಂತರು.

"ರವೂಫ್. ಊರು ಬೆಂಗ್ರೆ. ಸರೀ ಕಾಣುವ ಹಾಗೆ ಬರೀರಿ," ಎಂದರು. "ಲೆಕ್ಕಕ್ಕೆ ಒಂದು ಆಯ್ತಲ್ಲ?"