ಲಿಂಗಪ್ಪನ ಲೋಟ

"ಏಯ್ ಮುಂಡೆ, ಹಸಿರುಕಾಯೆಲ್ಲ ಕಿತ್ತಾಕ್ತಾ ಇದೀಯಲ್ಲೇ, ನಿಮ್ಮಪ್ಪ ನೆಟ್ಟಿದ್ನೇನೇ ಗಿಡವಾ..."

ಅಷ್ಟಕ್ಕೆ ಆಳುಗಳ ಲೆಕ್ಕ ಬರೆಯುವ ರೈಟರ್ ನಟರಾಜ್ ನಾಲಗೆ ಕಚ್ಚಿಕೊಂಡ. ಗಂಗಾಮಣಿ ಈ ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಬಂದಾಗಿನಿಂದಲೂ ಅವಳನ್ನು ಹಾಗೇ ಕರೆಯುತ್ತಿದ್ದ. ಹೋದ ವಾರ ಅದು ನಿಜವಾಗಿಬಿಟ್ಟಿತ್ತು.

"ಗಂಗಮ್ಮ," ಎಂದ, ದನಿಗೆ ಬೆಲ್ಲ ಸವರಿ. "ಬಂಗ್ಲೆಗೆ ಇನ್ಸ್‌ಪೆಕ್ಟರ್ ಬಂದವ್ರೆ. ಸಾವ್ಕಾರ್ರು ಕರೀತಾವ್ರೆ, ಬಾರವ್ವ."

ಅವ್ವ! ಪಕ್ಕದ ಗಿಡದಲ್ಲಿದ್ದ ಕಲ್ಯಾಣಮ್ಮ ಕೈಯಲ್ಲಿದ್ದ ಹಣ್ಣನ್ನು ಕೆಳಗೆ ಚೆಲ್ಲಿದಳು.

ಕೂಲಿಯವರ ಲೈನ್ ಮನೆಗಳಿಗೆ ಕಕ್ಕಸಿರಲಿಲ್ಲ. ಬೆಳಗಿನ ಜಾವ ಚೊಂಬು ಹಿಡಿದು ಹೋದ ಗಂಗಾಮಣಿಯ ಗಂಡ ಲಿಂಗಪ್ಪ, ಆನೆ ಬಾರದಿರಲೆಂದು ಸಾಹುಕಾರ್ ದೇವೇಂದ್ರ ಕರೆಂಟು ಹರಿಸಿದ್ದ ಬೇಲಿತಂತಿಗೆ ಅಂಟಿಕೊಂಡು ಸತ್ತಿದ್ದ. ಅವಳು ಓಡಿಹೋಗಿ ನೋಡಿದ್ದಳು. ನಟರಾಜ್ ಫ್ಯೂಸ್ ಕೀಳಲು ಓಡಿದ್ದನ್ನೂ ನೋಡಿದ್ದಳು. ಬೆಳಕು ಹರಿಯುವಷ್ಟರಲ್ಲಿ ಹೆಣ ಹಳ್ಳದಾಚೆ, ಆನೆ ತಿರುಗುವ ದಾರಿಯಲ್ಲಿತ್ತು. ಆನೆ ತುಳಿಯಿತೆಂದು ಹೇಳಿ, ಸೌದೆಯನ್ನು ಸಾಹುಕಾರನೇ ಧರ್ಮಕ್ಕೆ ಕೊಟ್ಟು ಮಧ್ಯಾಹ್ನದೊಳಗೆ ಸುಡಿಸಿದ್ದ.

ಸಕಲೇಶಪುರದ ಯಾರೋ ಹುಡುಗರು ದೂರು ಕೊಟ್ಟು ಕೇಸಾದ ಮೇಲೆ, ಆ ಆನೆಯನ್ನು ಕಣ್ಣಾರೆ ಕಂಡವರು ದಿನದಿನಕ್ಕೂ ಹೆಚ್ಚಿದರು. ಆನೇಮಹಲಿನ ಹೋಟೆಲಿನಲ್ಲಿ ಅದರ ದಂತದ ಉದ್ದ ಹೇಳುವವರೂ ಇದ್ದರು. ಕಾಣದವಳು ಗಂಗಾಮಣಿ ಒಬ್ಬಳೇ.

"ಆನೆ ಅಂದ್ಬುಡೆ ಮಾರಾಯ್ತಿ," ಕಲ್ಯಾಣಮ್ಮ ಪಿಸುಗುಟ್ಟಿದಳು. "ಆನೆಗೇನು ಜೈಲಾ? ತೋಟ ಮುಚ್ಚುಬುಟ್ರೆ ನಾವೆಲ್ಲಿ ಹೋಗಿ ಸಾಯಾನ?"

ದಾರಿಯಲ್ಲಿ ನಟರಾಜ್, "ನಿಮ್ಮನೆ ಮ್ಯಾಗಿನ ತಗಡು ಸ್ಟೋರಿಗೆ ಬೇಕಂತೆ. ನಾನೇ ತಡ್ದಿವ್ನಿ ಕಣವ್ವ," ಎಂದ.

ಲೈನಿನವರು ಬಂಗಲೆಗೆ ಹಿತ್ತಲಿಂದಲೇ ಬರಬೇಕು. ಅಡುಗೆಮನೆಯ ಹೊರಗಿನ ಕಟ್ಟೆಯ ಮೇಲೆ ಅವರವರ ಲೋಟ. ಮೇಲಿಂದ ಹೊಯ್ದ ಟೀ ಕುಡಿದು, ತೊಳೆದು, ಬೋರಲು ಹಾಕಿ ಹೋಗಬೇಕು. ಇವತ್ತು ನಟರಾಜ್ ಮುಂಬಾಗಿಲಿಗೆ ಕರೆತಂದ. ಜಗಲಿಯಲ್ಲಿ ಅವಳಿಗೊಂದು ಕುರ್ಚಿ, ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಕೆಳಗೊಂದು ಸಾಸರು. ಬೈಗುಳಕ್ಕೆ ಹೆದರದ ಗಂಗಾಮಣಿ ಆ ಕಪ್ಪಿಗೆ ಹೆದರಿದಳು.

"ಕೂತ್ಕ ಗಂಗಮ್ಮ. ನಮ್ಮನೆ ಮಗಳಿದ್ದಂಗೆ ನೀನು," ಎಂದ ದೇವೇಂದ್ರ.

ಇನ್ಸ್‌ಪೆಕ್ಟರ್ ಟೀಗೆ ಬಿಸ್ಕತ್ತು ಅದ್ದುತ್ತ, "ಹೆದರ್ಬೇಡಮ್ಮ. ನೋಡಿದ್ದನ್ನ ನೋಡಿದ ಹಾಗೇ ಹೇಳು. ಆನೆ ತಾನೇ?" ಎಂದ.

ಗಂಗಾಮಣಿ ಕೂರಲಿಲ್ಲ. ಕಪ್ಪು ಎತ್ತಿಕೊಂಡು ಹಿತ್ತಲಿಗೆ ನಡೆದಳು. ಕಟ್ಟೆಯ ಮೇಲೆ ಅವಳ ಲೋಟದ ಪಕ್ಕ ಲಿಂಗಪ್ಪನ ನೆಗ್ಗಿದ ಲೋಟ, ಅವನು ಬೋರಲು ಹಾಕಿದ ಹಾಗೇ ಇತ್ತು. ಟೀಯನ್ನು ಅದಕ್ಕೆ ಬಗ್ಗಿಸಿಕೊಂಡು ಬಂದು ದೇವೇಂದ್ರನ ಮುಂದಿಟ್ಟಳು.

"ಇದು ನಮ್ಮ ಯಜಮಾನನ ಲೋಟ. ಮಗಳು ಅಂದ್ರಲ್ಲ ಸಾವ್ಕಾರ್ರೇ, ಇದ್ರಾಗೆ ಒಂದು ಗುಟುಕು ಕುಡೀರಿ. ಕುಡುದ್ರೆ ಆನೆ ಅಂತೀನಿ. ಇಲ್ದಿದ್ರೆ ಕಂಡಿದ್ದ ಹೇಳ್ತೀನಿ."

ಇನ್ಸ್‌ಪೆಕ್ಟರನ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು.

ದೇವೇಂದ್ರನ ಕೈ ಮೇಲೆದ್ದಿತು. ಲೋಟದ ಹತ್ತಿರದವರೆಗೂ ಹೋಯಿತು. ಅಲ್ಲಿಂದ ವಾಪಸು ಬಂದು ಮೀಸೆ ಒರೆಸಿಕೊಂಡಿತು. ಅವನು ನಟರಾಜನ ಕಡೆ ನೋಡಿದ, ಅಷ್ಟೆ. ನಟರಾಜ್ ಲೈನಿನ ಕಡೆಗೆ ಇಳಿದು ಹೋದ.

ಲೋಟದ ಮೇಲೆ ಕೆನೆ ಕಟ್ಟಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ತಗಡು ಕೀಳುವ ಸದ್ದು ಬಂತು.

ಗಂಗಾಮಣಿ ಕುರ್ಚಿ ಎಳೆದುಕೊಂಡು ಕೂತಳು.

"ತಂತೀಲಿ ಕರೆಂಟಿತ್ತು ಸಾರ್. ಬರ್ಕಳಿ."

ಇನ್ನೊಂದು ತಗಡು ಕಳಚಿ ನೆಲಕ್ಕೆ ಬಿತ್ತು. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.