ಆರು ವರ್ಷದ ಮಾತು

ರೊಟ್ಟಿ ಬಡಿಯುತ್ತಿದ್ದ ಚಂದ್ರಕಲಾಳ ಕೈ ನಡುವೆಯೇ ನಿಂತಿತು. ಹಿಟ್ಟಿನ ಬೆರಳು ಚೀಪುತ್ತ, "ನಮ್ಮವ್ವ ಎಲ್ಲಿ?" ಎಂದು ಎಳೆಯ ದನಿಯಲ್ಲಿ ಕೇಳಿದಳು.

ಊಟಕ್ಕೆ ಕೂತಿದ್ದ ದುರುಗೇಶ ಎದ್ದುಬಿಟ್ಟ. ಮೂವತ್ತು ವರ್ಷದ ಹೆಂಡತಿ ಜೊಲ್ಲು ಸುರಿಸುತ್ತ ಆರು ವರ್ಷದ ಹುಡುಗಿಯಾಗುವುದನ್ನು ಕಂಡರೆ ಅವನು ಮುಖ ತಿರುಗಿಸುತ್ತಿದ್ದ. ಮಾನ್ವಿಯ ಬಸ್ ಡಿಪೋದಲ್ಲಿ ಅವನು ಮೆಕ್ಯಾನಿಕ್. ದಿನವಿಡೀ ಗ್ರೀಸಿನಲ್ಲಿ ಕೈಯಾಡಿಸುವವನಿಗೆ ಅಲ್ಲಿ ಬಾರದ ಹೇಸಿಗೆ ಮನೆಯಲ್ಲಿ ಬರುತ್ತಿತ್ತು.

ಕೆಲವೊಮ್ಮೆ ಅವಳು ಗಡಸು ದನಿಯಲ್ಲಿ ಎಲ್ಲರನ್ನೂ ಬೈಯುತ್ತಿದ್ದಳು. ಅವನ ತಾಯಿ ಮಾರೆಮ್ಮ ಅದನ್ನು ದೇವಿ ಎಂದು ಓಣಿಗೆಲ್ಲ ಸಾರಿದ್ದಳು. ಹೆಂಗಸರು ನಿಂಬೆಹಣ್ಣು ಹಿಡಿದು ಬಂದು ಕಾಲಿಗೆ ಬೀಳುತ್ತಿದ್ದರು. ಆಮೇಲೆ ಚಂದ್ರಕಲಾಳಿಗೆ ಯಾವುದೂ ನೆನಪಿರುತ್ತಿರಲಿಲ್ಲ.

ರಾಯಚೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. "ಇದು ದೇವಿ ಅಲ್ಲ, ನಾಟಕನೂ ಅಲ್ಲ. ಸಣ್ಣಾಕಿದ್ದಾಗ ತಡಕೊಳ್ಳಾಕ ಆಗದಂಥದ್ದು ಏನೋ ಆಗಿರತದ. ಮನಸ್ಸು ಅದನ್ನ ಹೊರಲಾರದೆ ತುಂಡು ತುಂಡಾಗ್ಯಾದ, ಒಂದೊಂದು ತುಂಡೂ ಒಬ್ಬೊಬ್ಬರಂಗ ಮಾತಾಡತದ. ಒಳಗಿನವರು ಯಾರು ಮಾತಾಡಿದ್ರೂ ಕೇಳ್ರಿ."

ದುರುಗೇಶ ಕೇಳಿರಲಿಲ್ಲ. ಹುಡುಗಿ ಬಂದಾಗಲೆಲ್ಲ ಗದರಿಸಿ ಎದ್ದು ಹೋಗುತ್ತಿದ್ದ.

ಅದೇ ಮಧ್ಯಾಹ್ನ, ಅವನು ಡಿಪೋಗೆ ಹೊರಡುವ ಮುಂಚೆ, ದೇವದುರ್ಗದಿಂದ ಯಂಕೋಬ ಬಂದ. ಚಂದ್ರಕಲಾಳ ಸೋದರಮಾವ, ತಾಯಿ ಸತ್ತ ಮೇಲೆ ಅವಳನ್ನು ಸಾಕಿದವನು. ಅವನ ದನಿ ಕೇಳಿದ್ದೇ ಅವಳು ಜೋಳದ ಚೀಲಗಳ ಹಿಂದೆ ನುಸುಳಿ ಮುದುಡಿ ಕೂತಳು. ಸೀರೆ ಒದ್ದೆಯಾಯಿತು.

"ಮಾವ ಚಿಲಕಾ ಹಾಕ್ತಾನ," ಎಂದಳು ಹುಡುಗಿ. "ಬಾಯಿ ಮುಚ್ತಾನ. ಯಾರಿಗೂ ಹೇಳಬ್ಯಾಡ ಅಂತಾನ."

ಯಂಕೋಬ ಚಹಾ ಹೀರಿ ಮೀಸೆ ಒರೆಸಿಕೊಂಡ. "ದೆವ್ವ ಮಾತಾಡಾಕತ್ತದ. ನಮ್ಮೂರಾಗ ಬಿಡಸವ ಒಬ್ಬ ಅದಾನ. ಎಂಟು ದಿನ ನನ್ನ ಮನಿಗಿ ಕಳಸ್ರಿ."

ಅವನ ಮುಖದಲ್ಲಿ ನಗೆಯಿತ್ತು. ದುರುಗೇಶ ಬಾಗಿಲ ಬಳಿ ಹೋಗಿ ನಿಂತ.

"ಎದ್ದು ಹೋಗ್ರಿ. ಇನ್ನ ಈ ಮನಿ ಹೊಸ್ತಿಲಾ ತುಳೀಬ್ಯಾಡ್ರಿ."

ಯಂಕೋಬ ಮಾರೆಮ್ಮನತ್ತ ನೋಡಿದ. ಅವಳು ತಲೆ ಎತ್ತಲಿಲ್ಲ. ಅವನು ಗೊಣಗುತ್ತ ಚಪ್ಪಲಿ ಮೆಟ್ಟಿ ಹೋದ.

"ಬೀಗರಿಗೆ ಹಂಗಂತಾರೇನು?" ಎಂದಳು ಮಾರೆಮ್ಮ. "ಈ ಮಾತು ಆಕಿ ನನಗ ಹೋದ ವರ್ಷನ ಹೇಳಿದ್ಲು. ಹೊರಗ ಬಿದ್ರ ಮಾನ ಯಾರದು ಹೋಗತದ? ದೇವಿ ಅಂದ್ರ ಮಂದಿ ಕೈಯರ ಮುಗೀತಾರ."

"ಗೊತ್ತಿದ್ದೂ ನಿಂಬಿಹಣ್ಣು ಇಡಿಸಿದೇನಬೇ?"

ಮಾರೆಮ್ಮ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ದುರುಗೇಶನಿಗೆ ತಾಯಿಯ ಮೇಲೆ ಹುಟ್ಟಿದ ಅಸಹ್ಯ ತನ್ನತ್ತಲೂ ತಿರುಗಿತು. ಇದೇ ಹುಡುಗಿ ತನ್ನೆದುರೂ ಎಷ್ಟೋ ಸಲ "ಚಿಲಕಾ, ಚಿಲಕಾ" ಎಂದು ಅತ್ತಿದ್ದಳು. ತಾನು ಮೂಗು ಮುರಿದು ಹೊರಗೆ ಹೋಗಿದ್ದ.

ಅವನು ಚೀಲಗಳಿಂದ ದೂರದಲ್ಲೇ ನೆಲಕ್ಕೆ ಕೂತ. "ಹತ್ರ ಬರ್ಲೇನವಾ?"

"ಬ್ಯಾಡ."

"ಆತು. ನಾ ಇಲ್ಲೇ ಇರ್ತೀನಿ. ಆತ ಹೋದ."

ಡಿಪೋಗೆ ಹೋಗುವ ಹೊತ್ತು ಮೀರಿತು. ಅವನು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಚೀಲಗಳ ಹಿಂದಿನಿಂದ ಹೆಂಡತಿಯ ದನಿ ಬಂತು.

"ಇಲ್ಲ್ಯಾಕ ಕುಂತೀರಿ? ಯಾರ್ ಬಂದಿದ್ರು?"

"ನಿಮ್ಮ ಮಾವ. ಕಳಿಸಿಬಿಟ್ಟೆ."

ಒದ್ದೆ ಸೀರೆಯನ್ನು ಮುದುಡಿಕೊಳ್ಳುತ್ತ ಅವಳು ಮೆಲ್ಲಗೆ ಕೇಳಿದಳು. "ಆ ಸಣ್ಣಾಕಿ ಏನರ ಹೇಳಿದ್ಲೇನು?"

"ಹೇಳಿದ್ಲು. ನಾ ನಂಬೀನಿ."

ಚಂದ್ರಕಲಾ ಚೀಲವೊಂದನ್ನು ಆಚೆ ತಳ್ಳಿದಳು. ತುಸು ಸರಿದು, ಗೋಡೆಗೆ ಒರಗಲು ಅವನಿಗೂ ಜಾಗ ಬಿಟ್ಟಳು.